ಮಂತ್ರವಾದಿ ಒಬ್ಬನ ಆಟ ಆಗೇತಿ, ಪೈಲ್ವಾನ ಮೊಬೈಲ್ ನೋಡ್ಕೋತ ಕುಂದರ್ತಾನ, ಏನ್ ಮಾಡ್ಲಿ?

ಪ್ರಶ್ನೆ: ಅಣ್ಣಾರ, ನಮಸ್ಕಾರ. ನಾ ಬ್ಯಾಡಗಿ ಕಡೆಯಾಂವ, ಕೆಲ್ಸಕ್ಕ ಹುಬ್ಬಳ್ಳ್ಯಾಗ ಇರ್ತೇನಿ. ರವಿವಾರಕ್ಕೊಮ್ಮೆ ವಿದ್ಯಾನಗರದ ರೂಮಿನ್ಯಾಗ ದೋಸ್ತರೆಲ್ಲಾ ಕೂಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಹಾಕಿ ಕಥಿ ನಡಸೋ ಆಟ) ಆಡ್ತೇವಿ, ಐದನೇ ಎಡಿಶನ್, 2014ರ ರೂಲ್ಸು, ಡಿಎಂ, ಅಂದ್ರ ಆಟ ಆಡಿಸಾಂವ, ನಾನ. ಲೋಕಾನೂ ನಾನ ಕಟ್ಟೇನಿ, ಲಕ್ಕುಂಡಿ ಗದಗ ಕಡೆ ಹಳೇ ಚಾಲುಕ್ಯರ ಕಾಲ ಇದ್ದಂಗ ಒಂದು ರಾಜ್ಯ, ಅದರಾಗ ಮಂತ್ರ ಕಲಿಸೋ ಮೂರು ಮಠ. ಪ್ಲೇಯರ್ಸ್ ನಾಕ ಮಂದಿ, ವಿಝರ್ಡ್ (ಮಂತ್ರವಾದಿ) ಒಬ್ಬ, ಫೈಟರ್ ಒಬ್ಬ (ಖಡ್ಗ ಹಿಡಿಯಾಂವ, ಅಂವಗ ಎಲ್ಲಾರೂ ಪೈಲ್ವಾನ ಅಂತೇವಿ), ಕ್ಲೆರಿಕ್ (ದೇವರ ಬಲದಿಂದ ಗಾಯ ಮಾಯಸಾಕಿ) ಒಬ್ಬಾಕಿ, ರೋಗ್ (ಕಳ್ಳ) ಒಬ್ಬ. ಐದನೇ ಲೆವೆಲ್‌ಗೆ ಬಂದ ಮ್ಯಾಲ ಎಲ್ಲಾ ಫೈಟೂ ವಿಝರ್ಡನ ಫೈರ್‌ಬಾಲಿಗೇ ಮುಗಿಯಾಕತ್ತಾವ, ಅದು ಗುಂಪನ್ನ ಒಮ್ಮೆಗೇ ಸುಡೋ ಬೆಂಕಿ ಮಂತ್ರ. ಪೈಲ್ವಾನಗ ಸಮಾಧಾನ ಆಗ್ಲಿ ಅಂತ ಪ್ಲಸ್ 3 ಖಡ್ಗ (ದಾಳಕ್ಕೂ ಏಟಿಗೂ 3 ಕೂಡಸೋದು) ಕೊಟ್ಟೆ, ಆದ್ರೂ ಅಂವ ಮೊಬೈಲ್ ನೋಡ್ಕೋತ ಕುಂದರ್ತಾನ, ಹೋದ ಎರಡ ರವಿವಾರ ಬರ್ಲೇ ಇಲ್ಲ. ಫೈರ್‌ಬಾಲ್ ಡ್ಯಾಮೇಜ್ ಅರ್ಧಾ ಮಾಡ್ಲೇನು? ರಾಕ್ಷಸರ ಹಿಟ್ ಪಾಯಿಂಟ್ (ಬೀಳೋತನಕ ಎಷ್ಟು ಏಟು ತಡೀತಾರ ಅನ್ನೋ ಲೆಕ್ಕ) ಜಾಸ್ತಿ ಮಾಡ್ಲೇನು? ಮತ್ತ ನನ್ನ ಲೋಕದಾಗ ರಾಜ, ಮಠದ ಗುರುಗಳು, ಸೇನಾಪತಿ ಇವರಿಗೆಲ್ಲಾ ಎಷ್ಟೆಷ್ಟು ಲೆವೆಲ್ ಇಡ್ಬೇಕು?

ಉತ್ತರ: ತಮ್ಮಾ, ನಿನ್ನ ಪತ್ರದಾಗ ನನ್ನ ಕಣ್ಣು ನಿಂತಿದ್ದು "ಎರಡ ರವಿವಾರ ಬರ್ಲೇ ಇಲ್ಲ" ಅನ್ನೋ ಸಾಲಿನ ಮ್ಯಾಲ. ಅಂವ ವಾಪಸ್ ಬಂದು ಕುಂದರ್ಬೇಕು, ಕುಂತ ಮ್ಯಾಲ ಅಂವಗ ತನ್ನ ಪಾಳಿ ಬರ್ತೈತಿ ಅನ್ನೋ ಭರೋಸ ಇರ್ಬೇಕು, ಇಲ್ಲಿ ಕೆಳಗ ಹೇಳೋ ಲೆಕ್ಕ ಎಲ್ಲಾ ಅದರ ಸಲುವಾಗಿ. ಭಾಳ ಮಂದಿ ಬ್ಯಾಲೆನ್ಸ್ ಅಂದ್ರ ನಾಕೂ ಮಂದಿ ಒಂದ ಸಮ ಡ್ಯಾಮೇಜ್ ಹೊಡೀಬೇಕು ಅಂತ ತಿಳ್ಕೊಂಡಾರ, ನಾನೂ ಶುರುವಿನ್ಯಾಗ ಹಂಗ ತಿಳ್ಕೊಂಡಿದ್ದೆ, ಆದ್ರ ಇಷ್ಟ ವರ್ಷ ಆಡಿಸಿ ನೋಡಿದ್ದು ಏನಂದ್ರ ಮಂದಿ ಡ್ಯಾಮೇಜ್ ಕಮ್ಮಿ ಆಯ್ತು ಅಂತ ಎದ್ದು ಹೋಗಂಗಿಲ್ಲ, ನಾ ಇಲ್ಲದಿದ್ರೂ ಈ ಆಟ ಹಿಂಗ ನಡೀತಿತ್ತು ಅಂತ ಅನಿಸಿದಾಗ ಎದ್ದು ಹೋಗ್ತಾರ.

ಮೊದ್ಲ ನಿನ್ನ ಮೊದಲನೇ ಪ್ರಶ್ನೆಗೆ. ಫೈರ್‌ಬಾಲ್ ಅರ್ಧಾ ಮಾಡಬ್ಯಾಡ. ಒಮ್ಮೆ ಕೊಟ್ಟಿದ್ದನ್ನ ಕಸಗೊಳ್ಳಬಾರ್ದು. ಧಾರವಾಡ ಸಪ್ತಾಪುರದ ರೂಮಿನ್ಯಾಗ ನಾ ಮೊದಲನೇ ಕ್ಯಾಂಪೇನ್ (ವಾರಗಟ್ಟಲೆ ನಡಿಯೋ ಒಂದ ಕಥಿ) ಆಡಿಸುವಾಗ ಒಬ್ಬ ಬಿಲ್ಲುಗಾರಗ ಒಂದು ಬಿಲ್ಲು ಕೊಟ್ಟಿದ್ದೆ, ಬಿಟ್ಟ ಬಾಣ ತಿರುಗಿ ಬತ್ತಳಿಕಿಗೆ ಬರೋದು. ನಾಕ ಸೆಶನ್ ಆದ ಮ್ಯಾಲ ಇದು ಭಾಳ ಆಯ್ತು ಅನಿಸಿ, ಆಟದ ನಡುವ, ಇವತ್ತಿಂದ ಇದು ದಿನಕ್ಕ ಒಂದ ಸಲ ಅಷ್ಟ ಅಂತ ಹೇಳಿಬಿಟ್ಟೆ. ಅಂವ ಜಗಳ ಮಾಡ್ಲಿಲ್ಲ, ಹಾಳಿ ಮ್ಯಾಲ ಬಿಲ್ಲಿನ ಹೆಸರು ಅಡ್ಡಗೀಟು ಹಾಕಿ ಹೊಡದ, ಕ್ಯಾಂಪೇನ್ ಮುಗಿಯೋತನಕ ಮತ್ತ ಆ ಬಿಲ್ಲು ತಗೀಲಿಲ್ಲ. ದಿನಕ್ಕ ಒಂದ ಸಲಾನೂ ತಗೀಲಿಲ್ಲ. ಅದು ನಂಗ ಇನ್ನೂ ಮನಸಿನ್ಯಾಗ ಐತಿ. ನಿನ್ನ ವಿಝರ್ಡ್ ಏನ್ ತಪ್ಪು ಮಾಡ್ಯಾನ? ಪುಸ್ತಕದಾಗ ಇದ್ದಿದ್ದನ್ನ ತಗೊಂಡು ಆಡಾಕತ್ತಾನ. ಅಂವನ್ನ ಸಣ್ಣಾಂವ ಮಾಡಿದ್ರ ಪೈಲ್ವಾನ ದೊಡ್ಡಾಂವ ಆಗಂಗಿಲ್ಲ, ಇಬ್ಬರ ಮುಖಾನೂ ಸಪ್ಪಗ ಆಗ್ತಾವ ಅಷ್ಟ.

ಆದ್ರ ಒಂದು ಕೆಲ್ಸ ಮಾಡು, ರೂಲ್ಸು ಬರೋಬ್ಬರಿ ನಡಸಾಕತ್ತೀಯೇನು ಅಂತ ಮೊದ್ಲ ನೋಡ್ಕೋ, ಯಾಕಂದ್ರ ನಾ ನೋಡಿದ ಹತ್ತು ಟೇಬಲ್‌ದಾಗ ಆರೇಳರಾಗ ತೊಂದ್ರಿ ಇಲ್ಲೇ ಇರ್ತೈತಿ. ಕಾನ್ಸಂಟ್ರೇಶನ್ ಬೇಕಾಗೋ ಸ್ಪೆಲ್ (ಮನಸು ಹಿಡಿದು ನಡಸೋ ಮಂತ್ರ) ಒಮ್ಮೆಗೆ ಒಂದ ನಡೀತೈತಿ, ಎರಡನೇದು ಶುರು ಮಾಡಿದ್ರ ಮೊದಲಿಂದು ಬಿದ್ದು ಹೋಗ್ತೈತಿ, ಮತ್ತ ಏಟು ಬಿದ್ದಾಗೆಲ್ಲಾ ಕಾನ್‌ಸ್ಟಿಟ್ಯೂಶನ್ ಸೇವ್ (ಮೈ ಗಟ್ಟಿತನದ ಮ್ಯಾಲ ತಡ್ಕೊಳ್ಳೋ ದಾಳ) ಹಾಕ್ಬೇಕು, ದಾಳ ಮುಟ್ಟಬೇಕಾದ ಅಂಕಿ 10 ಇಲ್ಲಾ ಬಿದ್ದ ಡ್ಯಾಮೇಜಿನ ಅರ್ಧ, ಎರಡರಾಗ ಯಾವುದು ದೊಡ್ಡದೋ ಅದು. ಇದನ್ನ ಮರೆತ್ರ ವಿಝರ್ಡ್ ಒಬ್ಬನ ನಾಕ ಆಗ್ತಾನ. ಪುಸ್ತಕದಾಗ ಬರ್ಕೊಂಡ ಸ್ಪೆಲ್ ಎಲ್ಲಾ ದಿನಾ ಕೈಯಾಗ ಇರಂಗಿಲ್ಲ, ಐದನೇ ಲೆವೆಲ್‌ಗೆ ಇಂಟೆಲಿಜೆನ್ಸ್ 18 ಇದ್ದಾಂವ ದಿನಕ್ಕ 9 ಸ್ಪೆಲ್ ತಯಾರ ಇಟ್ಕೋಬಹುದು, ಮುಂಜಾನೆ ಆರಿಸಿ ಹೇಳ್ಬೇಕು. ಫೈರ್‌ಬಾಲಿಗೆ ನಮ್ಮವರು ಬ್ಯಾರೆಯವರು ಅನ್ನೋದು ಗೊತ್ತಿಲ್ಲ, 20 ಅಡಿ ರೇಡಿಯಸ್ ಅಂದ್ರ ಈ ಕಡೆಯಿಂದ ಆ ಕಡೆ 40 ಅಡಿ, ಅದರೊಳಗ ಪೈಲ್ವಾನ ನಿಂತಿದ್ರ ಅಂವನೂ ಸುಡ್ತಾನ, ಗ್ವಾಡಿ ಮೂಲಿಗೂ ತಿರುಗಿ ಹೋಗಿ ಬಡಿತೈತಿ. ನೀ ಫೈಟ್ ಎಲ್ಲಾ ಬಯಲಿನ್ಯಾಗ ಇಟ್ಟಿದ್ರ ಅದು ನೀನ ಕೊಟ್ಟ ಸವಲತ್ತು. ಲಕ್ಕುಂಡಿ ಮುಸುಕಿನ ಬಾವಿ ನೋಡೀಯಲ್ಲ, ಆ ಮೆಟ್ಟಲ, ಆ ಸಣ್ಣ ಸಣ್ಣ ಗೂಡು, ಅಂಥಾ ಜಾಗಾದಾಗ ನಾಕ ಗಾಬ್ಲಿನ್ (ಸಣ್ಣ ರಾಕ್ಷಸರು) ಬಿಟ್ಟು ನೋಡು, ಇಳಿಯಾಕ ಮುಂದ ಯಾರು ಬೇಕು ಅಂತ ಎಲ್ಲಾರೂ ಪೈಲ್ವಾನನ ಮುಖ ನೋಡ್ತಾರ.

ಈಗ ಅಸಲಿ ರೋಗಕ್ಕ ಬರೋಣ. ನಿನ್ನ ಆಟದಾಗ ಒಂದು ದಿನಕ್ಕ ಎಷ್ಟು ಫೈಟ್ ಆಗ್ತಾವ? ನೀ ಬರ್ದಿಲ್ಲ, ಆದ್ರ ನಾ ಹೇಳ್ತೇನಿ, ಒಂದು, ಭಾಳ ಆದ್ರ ಎರಡು. ರವಿವಾರ ಒಂದು ಫೈಟ್, ಆಮ್ಯಾಲ ಎಲ್ಲಾರೂ ಮಲ್ಕೊಂಡು ಎದ್ದು ಮತ್ತ ಮುಂದಿನ ರವಿವಾರ ಫುಲ್ ಸ್ಪೆಲ್ ಇಟ್ಕೊಂಡು ಬರ್ತಾರ. 2014ರ ಡಿಎಂ ಗೈಡ್ ಏನ್ ಹೇಳ್ತೈತಿ ಅಂದ್ರ ಒಂದು ಲಾಂಗ್ ರೆಸ್ಟಿಂದ (ಸ್ಪೆಲ್ ಎಲ್ಲಾ ವಾಪಸ್ ಕೊಡೋ ರಾತ್ರಿ ನಿದ್ದಿ) ಇನ್ನೊಂದು ಲಾಂಗ್ ರೆಸ್ಟ್ ನಡುವ ಮೀಡಿಯಂ ಇಲ್ಲಾ ಹಾರ್ಡ್ ಫೈಟು 6ರಿಂದ 8 ಆಗ್ಬಹುದು ಅಂತ. ಇಡೀ ಆಟದ ಲೆಕ್ಕ ಅದರ ಮ್ಯಾಲ ಕಟ್ಟ್ಯಾರ.

ಇದನ್ನ ನಮ್ಮೂರವರಿಗೆ ತಿಳಿಸಿ ಹೇಳೋದು ಭಾಳ ಸರಳ. ನಮ್ಮ ಹುಬ್ಬಳ್ಳಿ ಧಾರವಾಡದಾಗ ನಳ ದಿನಾ ಬರೋ ಓಣಿ ನೋಡು, ವಾರಕ್ಕೊಮ್ಮೆ ಬರೋ ಓಣಿ ನೋಡು. ದಿನಾ ಬರೋ ಕಡೆ ಅಂಗಳಕ್ಕ ಪೈಪ್ ಹಚ್ಚಿ ತೊಳಿತಾರ, ಗಾಡಿ ತೊಳಿತಾರ, ಯಾರೂ ಕೊಡ ಎಣಸಂಗಿಲ್ಲ. ವಾರಕ್ಕೊಮ್ಮೆ ಬರೋ ಮನ್ಯಾಗ ಟಾಕಿಯೊಳಗ ಎಷ್ಟೈತಿ ಅಂತ ಮುಂಜಾನೆದ್ದು ಬಗ್ಗಿ ನೋಡ್ತಾರ, ಕುಡಿಯಾಕ ಬ್ಯಾರೆ, ಬಳಸಾಕ ಬ್ಯಾರೆ, ಅಕ್ಕಿ ತೊಳದ ನೀರು ಗಿಡಕ್ಕ. ವಿಝರ್ಡನ ಸ್ಪೆಲ್ ಸ್ಲಾಟ್ (ಎಷ್ಟು ಸಲ ಮಂತ್ರ ಹಾಕ್ಬಹುದು ಅನ್ನೋ ಲೆಕ್ಕ) ಅಂದ್ರ ಟಾಕಿ ನೀರು. ಐದನೇ ಲೆವೆಲ್‌ಗೆ ಅಂವನ ಟಾಕಿಯಾಗ 9 ಕೊಡ ಅದಾವ, ಸ್ಪೆಲ್ಲಿಗೂ ಬ್ಯಾರೆ ಲೆವೆಲ್ ಅದಾವ, ಮೊದಲನೇ ಲೆವೆಲ್ ಸ್ಪೆಲ್ಲಿಂದು 4, ಎರಡನೇದು 3, ಮೂರನೇದು ಬರೇ 2. ಫೈರ್‌ಬಾಲ್ ಮೂರನೇದು. ಆರ್ಕೇನ್ ರಿಕವರಿಯಿಂದ (ವಿಶ್ರಾಂತಿ ತಗೊಂಡು ಸ್ಲಾಟ್ ವಾಪಸ್ ಪಡಿಯೋ ವಿಝರ್ಡನ ಶಕ್ತಿ) ಮತ್ತೊಂದು ತಗೊಂಡ ಅಂತ ಹಿಡಿ, ದಿನಕ್ಕ 3 ಫೈರ್‌ಬಾಲ್. ದಿನಕ್ಕ ಒಂದ ಫೈಟ್ ಇದ್ರ 3 ಅಂದ್ರ ಭಾಳಾತು. ದಿನಕ್ಕ 7 ಫೈಟ್ ಇದ್ರ, ಅದರಾಗ ಯಾವ 3ಕ್ಕ ಬಳಸ್ಬೇಕು ಅಂತ ಅಂವಗ ತಲಿಕೆಡತೈತಿ, ಉಳದ 4 ಫೈಟ್ ಯಾರದು? ಪೈಲ್ವಾನನ ಖಡ್ಗಕ್ಕ ನಳ ಬೇಕಾಗಿಲ್ಲ, ಅದು ಬಾವಿ ಇದ್ದಂಗ.

ಲೆಕ್ಕಾನೂ ಮಾಡಿ ತೋರಸ್ತೇನಿ. ಫೈರ್‌ಬಾಲ್ ಅಂದ್ರ 8 ದಾಳ, ಆರು ಮುಖದ್ದು, ಸರಾಸರಿ 28. ಗಾಬ್ಲಿನ್‌ಗೆ ಹಿಟ್ ಪಾಯಿಂಟ್ 7, ಸೇವ್ ಮಾಡಿ ಅರ್ಧಾ ತಗೊಂಡ್ರೂ 14, ಸತ್ತಂಗ. ಆರು ಗಾಬ್ಲಿನ್ ಒಂದ ಕಡೆ ನಿಂತಿದ್ರ ಆರೂ ಹೋಗ್ತಾವ, ಪೈಲ್ವಾನ ಅಷ್ಟರಾಗ ಭಾಳ ಆದ್ರ ಎರಡು ಹೊಡೀತಾನ. ಇಲ್ಲಿ ವಿಝರ್ಡ್ ಗೆದ್ದ, ಗೆಲ್ಬೇಕು, ಅದ ಅಂವನ ಕೆಲ್ಸ. ಈಗ ಒಬ್ಬ ಓಗರ್ (ದೊಡ್ಡ ರಾಕ್ಷಸ) ಬಂದ, ಹಿಟ್ ಪಾಯಿಂಟ್ 59, ಎಸಿ (ಏಟು ತಾಗಾಕ ದಾಳ ಮುಟ್ಟಬೇಕಾದ ಅಂಕಿ) 11. ಓಗರ್ ನಿಧಾನದಾಂವ, ಡೆಕ್ಸ್ ಸೇವ್ (ಚುರುಕಿನ ಮ್ಯಾಲ ತಪ್ಪಿಸ್ಕೊಳ್ಳೋ ದಾಳ) ನಾಕರಾಗ ಒಮ್ಮೆ ಆಗ್ತೈತಿ ಅಂತ ಹಿಡಿದ್ರ ಒಂದು ಫೈರ್‌ಬಾಲಿಗೆ ಸರಾಸರಿ 24.5 ಬೀಳ್ತೈತಿ. ಅಂದ್ರ ಒಬ್ಬ ಓಗರ್‌ನ್ನ ಕೆಡವಾಕ ಇಡೀ ದಿನದ ಮೂರೂ ಫೈರ್‌ಬಾಲ್ ಬೇಕು. ಪೈಲ್ವಾನ ದೊಡ್ಡ ಖಡ್ಗ ಹಿಡ್ದು ಸ್ಟ್ರೆಂತ್ 18 ಇದ್ರ ಏಟಿಗೆ 11, ಎರಡ ಏಟು, 20ರಾಗ 17 ಸಲ ತಾಗ್ತೈತಿ, ರೌಂಡಿಗೆ 18 ಮ್ಯಾಲ. ಮೂರ್ನಾಕ ರೌಂಡಿನ್ಯಾಗ ಓಗರ್ ಬಿದ್ದ, ಪೈಲ್ವಾನನ ಟಾಕಿ ಒಂದು ಹನಿ ಇಳಿಲಿಲ್ಲ. ಆಕ್ಷನ್ ಸರ್ಜ್ (ಒಂದ ಪಾಳಿಯಾಗ ಇನ್ನೊಮ್ಮೆ ಹೊಡಿಯೋ ಶಕ್ತಿ) ಬಳಸಿದ್ರ ಇನ್ನೂ ಲಗೂನ, ಮತ್ತ ಅದು ಒಂದು ತಾಸಿನ ಶಾರ್ಟ್ ರೆಸ್ಟಿಗೇ ವಾಪಸ್ ಬರ್ತೈತಿ. ಅಂದ್ರ ನಿನ್ನ ಪೈಲ್ವಾನ ವೀಕ್ ಇಲ್ಲ ತಮ್ಮಾ, ನೀ ಅಂವಗ ಓಡಾಕ ದಾರಿನ ಕೊಟ್ಟಿಲ್ಲ.

ಈ ತಕರಾರು ಇವತ್ತಿಂದಲ್ಲ. 1974ರಾಗ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಈ ಆಟ ಹೊರಗ ತಂದಾಗ ಅದು ಬಂದಿದ್ದು ಸೈನ್ಯ ಇಟ್ಟು ಆಡೋ ಯುದ್ಧದ ಆಟದಿಂದ, ಆ ಆಟದಾಗ ಮಂತ್ರವಾದಿ ಅಂದ್ರ ಕಲ್ಲು ತೂರೋ ಯಂತ್ರ, ತೋಪು ಇದ್ದಂಗ, ಫೈರ್‌ಬಾಲಿನ ಅಳತಿ ಬಂದಿದ್ದು ಅಲ್ಲಿಂದ. ತೋಪು ದೂರದಿಂದ ಗುಂಪು ಹಾರಸ್ಬೇಕು, ಆದ್ರ ತೋಪು ಕಾಯಾಕ ಮುಂದ ಕಾಲಾಳು ಬೇಕ ಬೇಕು. ಹಳೇ ರೂಲ್ಸಿನ್ಯಾಗ ಅದಕ್ಕ ಬೆಲೀನೂ ಇತ್ತು, 1981ರ ಬೇಸಿಕ್ ಆಟದಾಗ ಎರಡನೇ ಲೆವೆಲ್ ಮುಟ್ಟಾಕ ಫೈಟರ್‌ಗೆ 2,000 ಎಕ್ಸ್‌ಪೀರಿಯನ್ಸ್ ಪಾಯಿಂಟ್, ಮಂತ್ರವಾದಿಗೆ 2,500, ಕಳ್ಳಗ 1,200. ಮಂತ್ರವಾದಿ ಹಿಟ್ ಪಾಯಿಂಟಿಗೆ ನಾಕ ಮುಖದ ದಾಳ, ಒಂದು ಏಟಿಗೆ ಹೋಗಿಬಿಡೋದು. 2000ರಾಗ ಮೂರನೇ ಎಡಿಶನ್ ಬಂದಾಗ ಎಲ್ಲಾರಿಗೂ ಒಂದ ಪಾಯಿಂಟ್ ಪಟ್ಟಿ ಮಾಡಿದ್ರು. ಮಂತ್ರವಾದಿ ಕೊಡ್ತಿದ್ದ ಬೆಲಿ ಒಂದೊಂದ ಕಳಚಿ ಹೋತು, ಕೊನಿಗೆ ಉಳಿದಿದ್ದು ದಿನದ ಉದ್ದ ಒಂದ. ಅದನ್ನೂ ನಾವು ಬಿಟ್ಟುಕೊಟ್ರ ತೂಗಾಕ ಏನೂ ಉಳಿಯಂಗಿಲ್ಲ.

ಹಂಗಂತ ಒಂದು ರವಿವಾರಕ್ಕ 7 ಫೈಟ್ ಇಡು ಅಂತ ನಾ ಹೇಳಂಗಿಲ್ಲ, ಯಾರಿಗೂ ಅಷ್ಟು ವ್ಯಾಳೆ ಇಲ್ಲ. ಎರಡು ದಾರಿ ಅದಾವ. ಒಂದು, ಆಟದ ಒಂದು ದಿನಾನ್ನ ಮೂರು ರವಿವಾರಕ್ಕ ಹಂಚು. ಸೆಶನ್ ಮುಗೀತು ಅಂದ್ರ ರಾತ್ರಿ ಆಗ್ಬೇಕು ಅಂತೇನಿಲ್ಲ, ಪ್ಲೇಯರ್ಸ್ ಹಾಳಿ ಮ್ಯಾಲ ಎಷ್ಟು ಸ್ಲಾಟ್ ಉಳದಾವ ಅಂತ ಬರ್ಕೊಂಡು ಮನಿಗೆ ಹೋಗ್ಲಿ. ಇನ್ನೊಂದು, ಡಿಎಂ ಗೈಡಿನ್ಯಾಗ ಒಂದು ಬದಲಿ ರೂಲ್ ಐತಿ, ಗ್ರಿಟ್ಟಿ ರಿಯಲಿಸಂ ಅಂತ ಅದಕ್ಕ ಹೆಸರು, ಶಾರ್ಟ್ ರೆಸ್ಟ್ ಅಂದ್ರ 8 ತಾಸು, ಲಾಂಗ್ ರೆಸ್ಟ್ ಅಂದ್ರ 7 ದಿನ. ವಾರಕ್ಕೊಮ್ಮೆ ನಳ! ನಾ ಇದನ್ನ ಹಚ್ಚಿದ ಕ್ಯಾಂಪೇನ್ ಲಕ್ಷ್ಮೇಶ್ವರದಿಂದ ಗದಗತನಕ ನಡಕೋತ ಹೋಗೋ ಕಥಿ ಇತ್ತು, ದಾರಿಯಾಗ ದಿನಕ್ಕೊಂದು ಫೈಟ್ ಆದ್ರೂ ಸಾಕು, ವಾರದ ಕೊನಿಗೆ ಏಳು ಆಗಿರ್ತಾವ, ಮತ್ತ ಏಳು ದಿನ ಒಂದ ಕಡೆ ಕುಂದರ್ಬೇಕಂದ್ರ ಊರು ಬೇಕು, ಊರಿನ್ಯಾಗ ಯಾರರ ಆಸರ ಕೊಡ್ಬೇಕು, ಅಷ್ಟರಾಗ ಬೆನ್ನು ಹತ್ತಿದ ವೈರಿ ಏನ್ ಮಾಡ್ತಾನ ಅನ್ನೋದು ನೋಡ್ಬೇಕು. ಕಥೀನೂ ಗಟ್ಟಿ ಆತು.

ಆದ್ರ ಇದಕ್ಕೂ ಎರಡು ತೊಡಕು ಅದಾವ, ಮೊದ್ಲ ಹೇಳ್ತೇನಿ. ಮೇಜ್ ಆರ್ಮರ್‌ನಂಥಾ ಸ್ಪೆಲ್ (ಮಂತ್ರದ ಕವಚ) 8 ತಾಸು ನಡೀತಾವ, ದಿನಕ್ಕೊಂದು ಹಾಕ್ಕೋಬೇಕಂದ್ರ ವಾರಕ್ಕ ಏಳು ಕೊಡ ಅದಕ್ಕ ಹೋಗ್ತಾವ, ವಿಝರ್ಡ್ ಸತ್ತ ಹೋಗ್ತಾನ, ಅಂಥಾವು ಒಂದು ಶಾರ್ಟ್ ರೆಸ್ಟಿಂದ ಇನ್ನೊಂದರತನಕ ನಡೀತಾವ ಅಂತ ಮಾಡು. ಎರಡನೇದು ಇನ್ನೂ ದೊಡ್ಡದು, ಉದ್ದನ ದಿನದಾಗ ಪೈಲ್ವಾನನ ಖಡ್ಗ ತೀರಂಗಿಲ್ಲ ಖರೆ, ಆದ್ರ ಪೈಲ್ವಾನನ ಮೈ ತೀರತೈತಿ. ಎಲ್ಲಾ ಏಟೂ ಅಂವಗೇ ಬೀಳೋದು, ಐದನೇ ಲೆವೆಲ್‌ಗೆ ಅಂವನ ಹಂತ್ಯಾಕ ಹಿಟ್ ಡೈಸ್ (ವಿಶ್ರಾಂತಿಯಾಗ ಹಾಕಿ ಗಾಯ ಮಾಯಸ್ಕೊಳ್ಳೋ ದಾಳ) ಐದ, ಕ್ಲೆರಿಕ್ ಹುಡುಗಿ ಸ್ಪೆಲ್ಲೂ ಟಾಕಿ ನೀರ. ಅದಕ್ಕ ಗಾಯ ಮಾಯಸೋದು ದಾರಿಯಾಗ ಸಿಗೋ ಹಂಗ ಇಡು. ನಿನ್ನ ಲೋಕ ಗದಗ ಕಡೆ ಐತಿ ಅಂದಿ, ಕಪ್ಪತಗುಡ್ಡ ಇದ್ದಂಗ ಒಂದು ಗುಡ್ಡ ಇಡು, ಔಷಧಿ ಗಿಡಮೂಲಿಕೆ ತುಂಬಿದ್ದು, ಒಂದು ತಾಸು ಹುಡುಕಿದ್ರ ಹೀಲಿಂಗ್ ಪೋಶನ್ನಿಗೆ ಸಮ ಒಂದು ಬೇರು, ನಾಕ ಮುಖದ ಎರಡ ದಾಳ ಪ್ಲಸ್ 2, ಸರಾಸರಿ 7. ಹುಡುಕೋ ಕೆಲ್ಸ ರೋಗ್‌ಗೆ ಕೊಡು, ಅಂವಂದೂ ಒಂದು ಪಾಳಿ ಆತು.

ಎರಡನೇ ಪ್ರಶ್ನೆ, ರಾಕ್ಷಸರ ಹಿಟ್ ಪಾಯಿಂಟ್ ಜಾಸ್ತಿ ಮಾಡೋದು. ವಾಲಿ ಕಥಿ ಸಣ್ಣಾವ ಇದ್ದಾಗ ಕೇಳೀಯಲ್ಲ, ಎದುರಿಗೆ ಬಂದು ನಿಂತಾಂವನ ಅರ್ಧಾ ಬಲ ವಾಲಿಗೆ ಹೋಗ್ತಿತ್ತು ಅಂತ. ಪ್ಲೇಯರ್ಸ್ ಬೆಳದಂಗ ಬೆಳದಂಗ ಎಲ್ಲಾ ವೈರಿನ್ನೂ ಬೆಳಸ್ಕೋತ ಹೋಗೋ ಡಿಎಂ ಎಲ್ಲಾ ವೈರಿಗೂ ವಾಲಿ ವರ ಕೊಟ್ಟಂಗ. ಐದನೇ ಲೆವೆಲ್ ಆದ್ರೂ ಗಾಬ್ಲಿನ್ ಮೊದಲಿನಷ್ಟ ಗಟ್ಟಿ ಅನಿಸಿದ್ರ ಲೆವೆಲ್ ಯಾಕ ಬೇಕಾಗಿತ್ತು? ಮತ್ತ ವಾಲಿನ್ನ ಕಡೀಕ ಗಿಡದ ಹಿಂದ ನಿಂತ ಹೊಡೀಬೇಕಾತು, ನಿನ್ನ ಪ್ಲೇಯರ್ಸೂ ಅದ ಕಲಿತಾರ, ಎದುರಾ ಎದುರ ನಿಂತು ಆಡೋದ ಬಿಟ್ಟುಬಿಡ್ತಾರ. ಮತ್ತ ಹಿಟ್ ಪಾಯಿಂಟ್ ಜಾಸ್ತಿ ಆದಾಗ ಫೈಟ್ ಉದ್ದ ಆಗ್ತೈತಿ, ಗಟ್ಟಿ ಆಗಂಗಿಲ್ಲ, ಮೊಬೈಲ್ ನೋಡಾಕ ಇನ್ನೂ ಟೈಮ್ ಸಿಗ್ತೈತಿ.

ಫೈಟ್ ಗಟ್ಟಿ ಆಗ್ಬೇಕಂದ್ರ ಕೈ ಜಾಸ್ತಿ ಮಾಡು. ಇದನ್ನ ಹಾವೇರಿ ಜಿಲ್ಲಾದಾಂವಗ ನಾ ಕಲಸ್ಬೇಕಾಗಿಲ್ಲ. ದೀಪಾವಳಿ ಆದ ಮ್ಯಾಲ ಹೋರಿ ಬೆದರಿಸೋದು ನೋಡಿರ್ತಿ, ಕೊಳ್ಳಾಗ ಒಣ ಕೊಬ್ಬರಿ ಮಾಲಿ ಕಟ್ಕೊಂಡು ಬಲೂನು ಹಚ್ಚಿಸ್ಕೊಂಡು ಓಡಿ ಬರ್ತೈತಲ್ಲ ಹೋರಿ, ಒಬ್ಬನ ಕೈಲೆ ಆಗ್ತೈತೇನು ಅದನ್ನ ಹಿಡಿಯಾಕ? ಒಬ್ಬೊಬ್ಬರನ್ನ ಒಗದು ಹೋಗ್ತೈತಿ. ಆದ್ರ ಹತ್ತು ಮಂದಿ ಒಮ್ಮೆಗೆ ಬಿದ್ರಂದ್ರ ಕೊಬ್ಬರಿ ಹರಕೊಂಡು ಹೋಗೇ ಹೋಗ್ತಾರ. ಹೋರಿ ಬಲ ಕಮ್ಮಿ ಆಗಿರಂಗಿಲ್ಲ, ಅದಕ್ಕ ತಿವಿಯಾಕ ಒಂದ ತಲಿ, ಇವರಿಗೆ ಇಪ್ಪತ್ತು ಕೈ. ನಾಕ ಪ್ಲೇಯರ್ಸಿನ ಮುಂದ ಒಬ್ಬನ ದೊಡ್ಡ ರಾಕ್ಷಸನ್ನ ನಿಂದ್ರಿಸಿದ್ರ ಅಂವಗ ರೌಂಡಿಗೆ ಒಂದ ಪಾಳಿ, ಇವರಿಗೆ ನಾಕ, ಅಂವ ಎಷ್ಟ ದೊಡ್ಡಾಂವ ಇದ್ರೂ ಹೋರಿ ಗತಿ. ಅದಕ್ಕ ಐದನೇ ಎಡಿಶನ್ನಿನ್ಯಾಗ ದೊಡ್ಡ ರಾಕ್ಷಸರಿಗೆ ಬ್ಯಾರೆಯವರ ಪಾಳಿ ಮುಗಿದ ಕೂಡ್ಲೆ ನಡುವ ನಡುವ ಮಾಡೋ ಲೆಜೆಂಡರಿ ಆಕ್ಷನ್ ಕೊಟ್ಟಾರ, ಸಾಮಾನ್ಯ ರೌಂಡಿಗೆ 3. ಅದನ್ನ ನೀ ನಿನ್ನ ಸೇನಾಪತಿಗೂ ಕೊಡಬಹುದು. ಮತ್ತ ವೈರಿ ಶಾಣ್ಯಾ ಇದ್ರ ಮಂದಿನ್ನ ಗುಂಪಾಗಿ ನಿಂದ್ರಸಂಗಿಲ್ಲ. ನಿನ್ನ ಲೋಕದಾಗ ಮೂರು ಮಠ ಮಂತ್ರ ಕಲಿಸ್ತಾವ ಅಂದ್ರ ಅಲ್ಲಿಯ ಪ್ರತಿ ಸಿಪಾಯಿಗೂ ಫೈರ್‌ಬಾಲ್ ಹೆಂಗ ಬೀಳ್ತೈತಿ ಅನ್ನೋದು ಗೊತ್ತಿರ್ಬೇಕು, ಗೊತ್ತಿದ್ದಾಂವ ಪಕ್ಕದಾಂವನಿಂದ 40 ಅಡಿ ದೂರ ನಿಂದರ್ತಾನ, ಇಬ್ಬರು ಮೂವರು ಹಿಂದಿನಿಂದ ಸುತ್ತ ಹಾಕಿ ವಿಝರ್ಡನ ಕಡೆ ಬರ್ತಾರ. ಅವಾಗ ವಿಝರ್ಡ್ ಏನಂತಾನ? "ಪೈಲ್ವಾನಾ ಬಾರೋ" ಅಂತಾನ. ಆ ಮಾತು ವಿಝರ್ಡನ ಬಾಯಿಂದ ಬರೋ ಹಂಗ ಮಾಡೋದ ನಿನ್ನ ಕೆಲ್ಸ.

ಪ್ಲಸ್ 3 ಖಡ್ಗದ ವಿಷ್ಯ ಬ್ಯಾಸರ ಮಾಡ್ಕೋಬ್ಯಾಡ, ಆದ್ರ ಅದು ಏನ್ ಮಾಡೇತಿ ಅಂತ ತಿಳ್ಕೋ. 20 ಮುಖದ ದಾಳದಾಗ ಒಂದು ಪ್ಲಸ್ ಅಂದ್ರ 5 ಪರ್ಸೆಂಟ್. ಈ ಎಡಿಶನ್ನಿನ್ಯಾಗ ಪ್ರೊಫಿಶಿಯನ್ಸಿ ಬೋನಸ್ (ಕಲಿತಿದ್ದಕ್ಕ ದಾಳಕ್ಕ ಕೂಡಸೋ ಅಂಕಿ) ಮೊದಲನೇ ಲೆವೆಲ್‌ಗೆ 2, ಇಪ್ಪತ್ತನೇ ಲೆವೆಲ್‌ಗೆ 6, ಅಂದ್ರ ಇಡೀ ಜನ್ಮ ಕಲಿತ್ರ 4 ಏರ್ತೈತಿ. ನೀ ಒಂದ ಖಡ್ಗದಾಗ 3 ಕೊಟ್ಟಿ. ಎಸಿ 15 ಇದ್ದಾಂವಗ ನೂರರಾಗ 65 ಸಲ ತಾಗೋದು 80 ಸಲ ಆತು. ಆದ್ರ ಅಂವನ ದುಃಖ ಏಟು ತಪ್ಪತಾವ ಅನ್ನೋದು ಆಗಿರ್ಲಿಲ್ಲ, ಅಂವ ನಡಕೋತ ಹೋಗಿ ಮುಟ್ಟೋದ್ರಾಗ ಎಲ್ಲಾ ಸುಟ್ಟು ಹೋಗಿರ್ತಾವ ಅನ್ನೋದು. ಅಂವಗ ಬೇಕಾಗಿದ್ದು ಲಗೂ ಮುಟ್ಟಿಸೋ ವಸ್ತು, ಹಾರಿಸೋ ಕೆರ ಇರ್ಬಹುದು, ಎಳದು ಹತ್ರ ತರೋ ಸರಪಳಿ ಇರ್ಬಹುದು. ಖಡ್ಗ ಅಂವನ ಹಂತ್ಯಾಕ ಇರ್ಲಿ, ಕಸಗೊಳ್ಳಬ್ಯಾಡ, ಮ್ಯಾಲ ಹೇಳೇನಿ.

ಇನ್ನ ನಾ ಭಾಳ ಹೇಳ್ಬೇಕು ಅಂದ್ಕೊಂಡಿದ್ದು ಇದು, ಫೈಟ್ ಬಿಟ್ಟು ಹೊರಗ. ಫೈಟಿನ್ಯಾಗ ತೂಕ ಸರಿ ಮಾಡಿದ್ರೂ ಊರಿನ್ಯಾಗ, ದರ್ಬಾರಿನ್ಯಾಗ, ಕಾಡಿನ್ಯಾಗ ವಿಝರ್ಡ್ ಹಾರತಾನ, ಕಾಣದಂಗ ಆಗ್ತಾನ, ಬಾಗಿಲಾ ತಗೀತಾನ, ಪೈಲ್ವಾನ ಏನ್ ಮಾಡ್ತಾನ? ರೂಲ್ ಪುಸ್ತಕ ಅಂವಗ ಇಲ್ಲೇ ಭಾಳ ಕಮ್ಮಿ ಕೊಟ್ಟೇತಿ, ಇದನ್ನ ಡಿಎಂ ತುಂಬಿಕೊಡ್ಬೇಕು. ಹಳೇ ಆಟದಾಗ ಫೈಟರ್ ಒಂಬತ್ತನೇ ಲೆವೆಲ್ ಮುಟ್ಟಿದ್ರ ಅಂವ ಕೋಟೆ ಕಟ್ಟಬಹುದಾಗಿತ್ತು, ಅಂವನ ಹೆಸರು ಕೇಳಿ ಮಂದಿ ತಾವ ಬಂದು ಸೇರ್ಕೊಳ್ಳೋರು. ಮಂತ್ರವಾದಿಗೆ ವಿದ್ಯಾ, ಫೈಟರ್‌ಗೆ ಮಂದಿ. ಇದು ನಮ್ಮ ಕಡೆ ಬರೋಬ್ಬರಿ ಕುಂದರ್ತೈತಿ. ಗರಡಿ ಮನಿ ಇಲ್ಲದ ಊರು ಇತ್ತೇನು? ಪೈಲ್ವಾನ ಅಂದ್ರ ಅಂವಗ ಉಸ್ತಾದ ಇದ್ದಾನ, ಉಸ್ತಾದನ ಶಿಷ್ಯರು ಸುತ್ತಲಿನ ಹತ್ತು ಊರಾಗ ಅದಾರ, ಜಾತ್ರಿಯಾಗ ಜೋಡಿ ಹಚ್ಚುವಾಗ ಕುಂತ ಹಿರಿಯರು ಅಂವನ್ನ ನೋಡ್ಯಾರ. ನಿನ್ನ ಪೈಲ್ವಾನ ಯಾವ ಊರಿಗೆ ಹೋದ್ರೂ ಅಲ್ಲಿಯ ಗರಡಿಯಾಗ ಅಂವಗ ಊಟ, ಮಲಗಾಕ ಜಾಗಾ, ಮತ್ತ ಊರಿನ ಖಬರು ಸಿಗ್ಬೇಕು. ಮಠದ ಹುಡುಗನ್ನ ಕಂಡ್ರ ಮಂದಿ ಅಂಜಿ ಬಾಗಿಲಾ ಹಾಕ್ಕೋತಾರ, ಪೈಲ್ವಾನನ್ನ ಕಂಡ್ರ ತಗೀತಾರ. ಎದುರಿಗೆ ನಿಂತಾಂವನ ನಿಲುವು ನೋಡಿ ಇಂವ ಯಾರ ಕೈಯಾಗ ಕಲಿತಾನ, ಇಂವಗ ಯಾವ ಕಾಲು ನೋವೈತಿ ಅಂತ ಹೇಳೋ ವಿದ್ಯಾ ಅಂವಗ ಅಷ್ಟ ಇರ್ಲಿ, ದಾಳ ಹಾಕಸಬ್ಯಾಡ, ಕೇಳಿದ್ರ ಹೇಳಿಬಿಡು. ಬಲ ಅಂದ್ರ ಹೊಡಿಯೋದು ಒಂದ ಅಲ್ಲ ಅನ್ನೋದಕ್ಕ ನಿನ್ನ ಲಕ್ಕುಂಡಿನ ಸಾಕ್ಷಿ, 1007ರಾಗ ಅಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ ಅತ್ತಿಮಬ್ಬೆನ್ನ ಸಾವಿರ ವರ್ಷದ ಮ್ಯಾಲೂ ದಾನಚಿಂತಾಮಣಿ ಅಂತ ನೆನಸ್ತೇವಿ, ಆ ಕಾಲದ ಖಡ್ಗ ಹಿಡದವರ ಹೆಸರು ಎಷ್ಟು ಮಂದಿಗೆ ಗೊತ್ತೈತಿ? ಕ್ಲೆರಿಕ್ ಹುಡುಗಿಗೆ ಈ ಕಡೆ ಒಂದು ದಾರಿ ಮಾಡಿಕೊಡು.

ಕೊನೀ ಪ್ರಶ್ನೆ, ಲೋಕದಾಗ ಯಾರಿಗೆ ಎಷ್ಟು ಲೆವೆಲ್. ನಂಬರ್ ಇಡೋಕ್ಕಿಂತ ಮೊದ್ಲ ಒಂದು ಪ್ರಶ್ನೆ ಹಾಕ್ಕೋ, ನಿನ್ನ ರಾಜ್ಯದಾಗ ವೀರಗಲ್ಲು ಯಾಕ ನೆಡಸ್ತಾರ? ನಮ್ಮ ಹಾವೇರಿ ಗದಗ ಕಡೆ ಊರೂರಿಗೆ ವೀರಗಲ್ಲು ಅದಾವ, ಗುಡಿ ಮುಂದ, ಹೊಲದ ಬದುವಿನ್ಯಾಗ. ಕೆಳಗಿನ ಪಟ್ಟಿಯಾಗ ಜಗಳ, ನಡುವಿನ ಪಟ್ಟಿಯಾಗ ಅಪ್ಸರೆಯರು ಕರ್ಕೊಂಡು ಹೋಗೋದು, ಮ್ಯಾಲಿನ ಪಟ್ಟಿಯಾಗ ಅಂವ ಶಿವನ ಹಂತ್ಯಾಕ. ಭಾಳಷ್ಟು ಕಲ್ಲಿನ ಮ್ಯಾಲ ಏನ್ ಬರ್ದಾರ? ಊರಿನ ದನ ಹೊಡಕೊಂಡು ಹೊಂಟವರನ್ನ ಬೆನ್ನು ಹತ್ತಿ, ದನ ಬಿಡಿಸಿ, ಸತ್ತ ಅಂತ. ಅಂದ್ರ ಆ ಲೋಕದಾಗ ಹತ್ತು ಮಂದಿ ಕಳ್ಳರ ಎದುರು ಒಬ್ಬ ನಿಂತ್ರ ಅದಕ್ಕ ಕಲ್ಲು ಕಡಸಿ ಪೂಜಾ ಮಾಡ್ತಿದ್ರು. ಅದು ಸಾಹಸದ ಅಳತಿ. ನಿನ್ನ ಲೋಕದಾಗ ಐದನೇ ಲೆವೆಲ್ ವಿಝರ್ಡ್ ಒಂದು ಸಣ್ಣ ಮಠದಾಗ ಹನ್ನೆರಡು ಮಂದಿ ಇದ್ರ, 6 ಸೆಕೆಂಡಿನ ಒಂದು ರೌಂಡಿನ್ಯಾಗ ಅಂವರು ಆ ಕಳ್ಳರನ್ನೆಲ್ಲಾ ಸುಟ್ಟು ಹಾಕಿದ್ರ, ಖಡ್ಗ ಹಿಡದ ಸತ್ತಾಂವಗ ಕಲ್ಲು ಯಾರ ನೆಡ್ತಾರ? ಅಂಥಾ ಲೋಕದಾಗ ಪೈಲ್ವಾನ ಹುಟ್ಟಂಗೂ ಇಲ್ಲ. ಅದಕ್ಕ ಮಂತ್ರವಾದಿಗಳನ್ನ ವಿರಳ ಇಡು. ನಾ ಇಡೋ ಲೆಕ್ಕ ಹೇಳ್ತೇನಿ, ಇದು ನನ್ನ ಕೈ ಅಳತಿ, ನೀ ಬ್ಯಾರೆ ಮಾಡ್ಕೋಬಹುದು: ಲಕ್ಷ ಮಂದಿ ಇರೋ ರಾಜ್ಯದಾಗ ಐದನೇ ಲೆವೆಲ್ ಮುಟ್ಟಿದವರು ಎಲ್ಲಾ ಸೇರಿ ಇಪ್ಪತ್ತು, ಅದರಾಗ ಮಂತ್ರದವರು ನಾಕೈದು, ಒಂಬತ್ತನೇ ಲೆವೆಲ್ ದಾಟಿದವರು ಮೂರ ಮಂದಿ, ಆ ಮೂವರಿಗೂ ಹೆಸರು, ಊರು, ಮತ್ತ ಯಾಕ ಅಂವರು ತಾವ ಹೋಗಿ ಈ ಕೆಲ್ಸ ಮಾಡಂಗಿಲ್ಲ ಅನ್ನೋದಕ್ಕ ಒಂದು ಗಟ್ಟಿ ಕಾರಣ. ಮಠದ ಗುರು ಹದಿನೈದನೇ ಲೆವೆಲ್ ಇದ್ದು ಸುಮ್ನ ಕುಂತಾರಂದ್ರ ಪ್ಲೇಯರ್ಸ್ ಕೇಳೇ ಕೇಳ್ತಾರ, ಅಜ್ಜಾರು ಯಾಕ ಹೋಗಂಗಿಲ್ಲ ಅಂತ.

ರಾಜಗ ಲೆವೆಲ್ ಬೇಕಾಗಿಲ್ಲ. ಈ ಎಡಿಶನ್ನಿನ ಒಂದು ಚೊಲೋ ಗುಣ ಅಂದ್ರ ಸೈನ್ಯ ಯಾವತ್ತೂ ಹುಸಿ ಆಗಂಗಿಲ್ಲ. ಎಸಿ 18 ಇರೋ ಪೈಲ್ವಾನನ ಮ್ಯಾಲ 20 ಗಾಬ್ಲಿನ್ ಬಾಣ ಬಿಟ್ರ ಸರಾಸರಿ 7 ತಾಗ್ತಾವ, 38 ಪಾಯಿಂಟ್ ಹೋಗ್ತಾವ, ಐದನೇ ಲೆವೆಲ್‌ಗೆ ಅಂವನ ಹಂತ್ಯಾಕ ಇರೋದು 44 ಸುಮಾರು. ಅದ 20 ಬಾಣ ಎಸಿ 15ರ ವಿಝರ್ಡನ ಮ್ಯಾಲ ಬಂದ್ರ 10 ತಾಗ್ತಾವ, 55, ಅಂವನ ಹಂತ್ಯಾಕ 32. ಮುಗೀತು. ರಾಜನ ಬಲ ಅಂದ್ರ ಆ ಇಪ್ಪತ್ತು ಬಿಲ್ಲು, ಮತ್ತ ಲಕ್ಕುಂಡಿಯಾಗಿದ್ದಂಗ ಒಂದು ಟಂಕಸಾಲಿ, ಅವರಿಗೆ ಪಗಾರ ಕೊಡೋ ಬಂಗಾರದ ನಾಣ್ಯ. ರಾಜ ಒಂದನೇ ಲೆವೆಲಿನ ಮುದುಕ ಇದ್ರೂ ಪ್ಲೇಯರ್ಸ್ ಅಂವನ ಮುಂದ ಧ್ವನಿ ತಗ್ಗಿಸಿ ಮಾತಾಡ್ಬೇಕು, ಇದನ್ನ ಒಮ್ಮೆ ಬಿಲ್ಲು ತೋರಿಸಿ ಮನಗಾಣಿಸು, ಮತ್ತ ಹೇಳೋದು ಬರಂಗಿಲ್ಲ.

ಈ ರವಿವಾರಕ್ಕ ಇಷ್ಟ ಮಾಡು. ವಿಝರ್ಡ್ ಹುಡುಗನ್ನ ಮೊದ್ಲ ಒಬ್ಬನ್ನ ಕರದು, ಚಾ ಕುಡಕೋತ, ರೆಸ್ಟಿನ ರೂಲ್ ಬದಲಿ ಮಾಡಾಕತ್ತೇನಿ, ನಿನ್ನ ಸ್ಪೆಲ್ ಒಂದೂ ಕಮ್ಮಿ ಮಾಡಂಗಿಲ್ಲ, ಮೇಜ್ ಆರ್ಮರ್ ಉದ್ದ ಮಾಡ್ತೇನಿ, ಆದ್ರ ನಳ ವಾರಕ್ಕೊಮ್ಮೆ ಅಂತ ಹೇಳು. ಎಲ್ಲಾರ ಮುಂದ ಹೇಳಬ್ಯಾಡ, ಅಂವಗ ತಾನ ತಪ್ಪಿತಸ್ಥ ಅನಿಸಬಾರ್ದು. ಮೊದಲನೇ ಸೀನ್ ಗರಡಿ ಮನಿಯಿಂದ ಶುರು ಮಾಡು, ಉಸ್ತಾದನ ಒಬ್ಬ ಶಿಷ್ಯ ಕಾಣೆ ಆಗ್ಯಾನ, ಹುಡುಕಾಕ ಬಾವಿಯೊಳಗ ಇಳೀಬೇಕು. ಪೈಲ್ವಾನಗ ಗ್ರೂಪಿನ್ಯಾಗ ಮೆಸೇಜ್ ಹಾಕಬ್ಯಾಡ, ಫೋನ್ ಮಾಡು. ಯಾಕ ಬರ್ಲಿಲ್ಲ ಅಂತ ಕೇಳಬ್ಯಾಡ. ನಿನ್ನ ಉಸ್ತಾದಗ ಏನ್ ಹೆಸರಿಡೋಣ, ಅಂವ ಹೆಂಗಿದ್ದ, ಮೀಸಿ ಇತ್ತೋ ಇಲ್ಲೋ, ನಿಂಗ ಮೊದಲನೇ ಪಟ್ಟು ಯಾವುದು ಕಲಿಸಿದ, ಅಷ್ಟ ಕೇಳು, ಅಂವ ಹೇಳಿದ್ದನ್ನ ಬರ್ಕೋ.